ಖಾಸಗಿ ಶಾಲ್ಯಾಗ ಸೀಟು ಸಿಗಲಿಲ್ಲ, ಸರ್ಕಾರಿ ಎಲ್‌ಕೆಜಿಗೆ ಹಾಕೀವಿ: ಐದಕ್ಕ ಮೂರೂವರಿ ಸ್ಟಾರ್ (ಕೊಪ್ಪಳ)

ಮೊದ್ಲ ಹೇಳಿಬಿಡ್ತೀನಿ, ಇದು ಕೊಪ್ಪಳದಾಗ ನಮ್ಮ ವಾರ್ಡಿನ ಸರ್ಕಾರಿ ಶಾಲ್ಯಾಗ ನಡಿಯೋ ಎಲ್‌ಕೆಜಿ ರಿವ್ಯೂ. ನಾವೇನು ಸರ್ಕಾರಿ ಶಾಲಿ ಮ್ಯಾಲೆ ಪ್ರೀತಿ ಉಕ್ಕಿ ಹಾಕಿದ್ದಲ್ಲ, ಖಾಸಗಿ ಶಾಲಿಯವ್ರು ನಮ್ಮ ಹುಡುಗಿಗೆ ಸೀಟಿಲ್ಲ ಅಂದ್ರು, ಹಂಗಾಗಿ ಬಂದ್ವಿ, ಅದನ್ನ ಬಿಟ್ಟು ಬರದ್ರ ರಿವ್ಯೂ ಅರ್ಧಾನ ಆಗ್ತೈತಿ. ಎರಡೂ ಶಾಲಿ ಹೆಸರು ಹಾಕಿಲ್ಲ. ಒಂದ್ರ ಹೆಸರು ಹಾಕಿದ್ರ ಅವ್ರು ವಕೀಲರ ನೋಟಿಸ್ ಕಳಸ್ತಾರ, ಇನ್ನೊಂದ್ರ ಹೆಸರು ಹಾಕಿದ್ರ ಪಾಪ ನಮ್ಮ ಅಕ್ಕೋರಿಗೆ (ಟೀಚರಿಗೆ) ಬಿಇಒ, ಅಂದ್ರ ತಾಲೂಕಿನ ಶಿಕ್ಷಣಾಧಿಕಾರಿ, ಆಫೀಸಿಂದ ಫೋನ್ ಬರ್ತೈತಿ. ಸ್ಟಾರ್ ಕೇಳಿದ್ರ ಐದಕ್ಕ ಮೂರೂವರಿ, ಒಂದೂವರಿ ಎಲ್ಲೆಲ್ಲಿ ಕಟ್ ಮಾಡೀನಿ ಅಂತ ಕೆಳಗ ಬರದೀನಿ, ಟೈಮ್ ಇಲ್ದವ್ರು ಬಾತ್‌ರೂಮ್ ಬಗ್ಗೆ ಬರದಿದ್ದಷ್ಟ ಓದ್ರಿ ಸಾಕು.

ಖಾಸಗಿ ಶಾಲಿದು ಹಿಂಗಾತು. ಫಾರ್ಮಿಗೆ 500 ರೂಪಾಯಿ, ವಾಪಸ್ ಕೊಡಂಗಿಲ್ಲ ಅಂತ ರಸೀದಿ ಮ್ಯಾಲೆ ಸಣ್ಣ ಅಕ್ಷರದಾಗ ಬರದಿರ್ತಾರ. ಫಾರ್ಮಿನ್ಯಾಗ ತಂದಿ ತಾಯಿ ಎಷ್ಟು ಓದ್ಯಾರ, ಸಂಬಳ ಎಷ್ಟು, ಸ್ವಂತ ಮನಿಯೋ ಬಾಡಿಗಿಯೋ, ಮನ್ಯಾಗ ಯಾವ ಭಾಷೆ ಮಾತಾಡ್ತೀರಿ ಅಂತ ಕಾಲಂ ಮ್ಯಾಲೆ ಕಾಲಂ, ಕೂಸಿನ ಬಗ್ಗೆ ಕೇಳಿದ್ದು ಹೆಸರು, ಹುಟ್ಟಿದ ತಾರೀಕು, ಬ್ಲಡ್ ಗ್ರೂಪ್ ಅಷ್ಟ. ನಮ್ಮ ಮನ್ಯಾರು ಗಿಣಗೇರಿ ಕಡೆ ಫ್ಯಾಕ್ಟರಿಯಾಗ ಶಿಫ್ಟ್ ಡ್ಯೂಟಿ ಮಾಡ್ತಾರ, ನಾನು ಮನ್ಯಾಗ ಬ್ಲೌಸ್ ಹೊಲಿತೀನಿ, ಸೀಸನ್‌ನ್ಯಾಗ ನನ್ನ ದುಡಿಮಿನೂ ಕಡಿಮಿ ಏನಿಲ್ಲ. ತಾಯಿ ಉದ್ಯೋಗ ಅಂತ ಇದ್ದಲ್ಲಿ ಟೇಲರಿಂಗ್ ಅಂತ ಬರದೆ. ಕೌಂಟರಿನ್ಯಾಗ ಕೂತ ಹುಡುಗಿ ಅದರ ಮ್ಯಾಲೆ ಗೀಟು ಹೊಡದು ಹೌಸ್‌ವೈಫ್ ಅಂತ ತಿದ್ದಿದ್ಲು. ಯಾಕವ್ವಾ ಅಂದ್ರ ಹಂಗ ಬರಿಯೋದು ಮೇಡಂ ಅಂದ್ಲು.

ಇಂಟರ್ವ್ಯೂ ಅಂತ ಅವ್ರು ಬಾಯಿ ಬಿಟ್ಟು ಅನ್ನಂಗಿಲ್ಲ, ಇಂಟರಾಕ್ಷನ್ ಅಂತಾರ. ಎಸಿ ರೂಮು, ಟೇಬಲ್ ಆ ಕಡೆ ಇಬ್ರು ಮೇಡಂ, ನಮ್ಮಾಕಿ ಎಸಿ ಗಾಳಿಗೆ ಮೊದ್ಲ ಒಂದು ಸೀನು ಸೀನಿದ್ಲು. ಚಿತ್ರದ ಕಾರ್ಡು ಒಂದೊಂದ ತೋರಿಸಿ ವಾಟ್ ಈಸ್ ದಿಸ್ ಅಂತಾರ. ಆನಿ ಬಂತು, ಎಲಿಫೆಂಟ್ ಅಂದ್ಲು. ಛತ್ರಿ ಬಂತು, ಛತ್ರಿ ಅಂದ್ಲು, ಇನ್ ಇಂಗ್ಲಿಷ್ ಅಂದ್ರು, ಸುಮ್ನ ಕೂತ್ಲು. ಆಮ್ಯಾಲೆ ಒಂದು ಕೆಂಪು ಬಸ್ಸಿನ ಕಾರ್ಡು ತೋರಿಸಿ ವಾಟ್ ಕಲರ್ ಅಂತ ಕೇಳಿದ್ರು, ಇಕಿ ಭಾಳ ಖುಷಿಲೆ "ಕುಷ್ಟಗಿ ಬಸ್ಸು" ಅಂದ್ಲು. ಕುಷ್ಟಗಿ ನಮ್ಮ ತವರುಮನಿ, ಅಮ್ಮನ ಊರಿಗೆ ಹೋಗೂದು ಕೆಂಪು ಬಸ್ಸಿನ್ಯಾಗ, ಆಕಿ ಲೆಕ್ಕದಾಗ ಉತ್ತರ ಬರೋಬ್ಬರಿ ಐತಿ. ನನಗ ನಗು ತಡಿಯಾಕ ಆಗ್ಲಿಲ್ಲ, ಆ ಮೇಡಂ ನಗಲಿಲ್ಲ. ಎರಡನೇ ಸಲ ಕೇಳಿದ್ರು, ಅದ ಉತ್ತರ, ಈ ಸಲ ಇನ್ನೂ ಜೋರಾಗಿ. ಶೀಟಿನ ಮ್ಯಾಲೆ ಏನೋ ಗೀಚಿಕೊಂಡ್ರು, ಥ್ಯಾಂಕ್ಯೂ ಪೇರೆಂಟ್ಸ್ ಅಂದ್ರು, ಎದ್ದು ಬಂದ್ವಿ.

ಸೀಟಿಲ್ಲ ಅಂತ ಹೇಳಿದ್ದು ವಾಟ್ಸ್‌ಆಪ್‌ನ್ಯಾಗ, ಎರಡು ಸಾಲು ಇಂಗ್ಲಿಷ್, ಕಾರಣ ಇಲ್ಲ, ಕೂಸಿನ ಹೆಸರಿನ ಸ್ಪೆಲ್ಲಿಂಗೂ ತಪ್ಪು. ಫೋನ್ ಮಾಡಿದ್ರ "ಮ್ಯಾನೇಜ್‌ಮೆಂಟ್ ಡಿಸಿಷನ್" ಅಂದು ಇಟ್ರು. ಅದ ಸಂಜಿ ನಮ್ಮ ನೆಗೆಣ್ಣಿ ಮೊಬೈಲಿಗೆ ಕಂಗ್ರಾಚ್ಯುಲೇಷನ್ಸ್ ಅಂತ ಬಂತು, ಆಕಿ ಮಗನಿಗೆ ಸೀಟ್ ಆಗಿತ್ತು. ನಾವು ಒಂದ ಮನ್ಯಾಗ ಇರೋರು, ಒಂದ ಒಲಿ. ಆಕಿಗೆ ಖುಷಿ ಪಡಾಕ ಸಂಕೋಚ, ನನಗ ಅಭಿನಂದನೆ ಹೇಳಾಕ ಗಂಟಲು ಕಟ್ಟೋದು, ಇಬ್ರೂ ರೊಟ್ಟಿ ಬಡಿಯೋ ನೆಪದಾಗ ಮಾತಾಡಲಾರ್ದ ನಿಂತ್ವಿ. ಕಡೀಕ ಅತ್ತಿಯಾರ ಬಾಯಿ ತಗದ್ರು, "ಆ ಶಾಲಿ ಅಲ್ಲಂದ್ರ ಇನ್ನೊಂದು, ಕೂಸಿನ ಮದುವಿ ಏನು ನಿಂತಿಲ್ಲಲ್ಲ, ಪಲ್ಯಕ್ಕ ಉಪ್ಪು ಹಾಕೀರೇನು ನೋಡ್ರಿ ಮೊದ್ಲು" ಅಂತ. ಅವ್ರು ಮೂರನೇತ್ತ ತನಕ ಓದಿದವ್ರು, ಈ ವಿಷಯದಾಗ ನಮ್ಮ ಮನ್ಯಾಗ ಎಲ್ಲಾರಿಗಿಂತ ಗಟ್ಟಿ ಅವರ.

ನಮ್ಮ ಮನ್ಯಾರು ಮಾತ್ರ ಒಳಗೊಳಗ ಕುದ್ರು. ಎಮ್ಮೆಲ್ಲೆ ಕಡೆಯವ್ರು ಯಾರೋ ಪರಿಚಯ ಅದಾರ, ಒಂದು ಮಾತು ಹೇಳಿಸ್ತೀನಿ ಅಂತ ಓಡಾಡಿದ್ರು, ಅವ್ರು ಹೇಳಿದ್ದು "ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡ್ರ ಮ್ಯಾನೇಜ್‌ಮೆಂಟ್ ಸೀಟ್ ಆಗ್ತೈತಿ" ಅಂತ, ಅಡ್ಜಸ್ಟ್ ಅಂದ್ರ ಏನಂತ ಕೊಪ್ಪಳದಾಗ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಡ ಅಂದೆ. ಕುದಿ ಇರೋದು ಸಹಜ, ಆದ್ರ ಹೆಚ್ಚು ತ್ರಾಸ ಕೊಟ್ಟಿದ್ದು ಶಾಲಿಗಿಂತ ಓಣಿ. ನೀರು ಬಿಟ್ಟಾಗ ನಳದ ಹತ್ರ ನಿಂತ್ರ ಸಾಕು, ಅಯ್ಯ ಪಾಪ, ಯಾಕ ಬ್ಯಾಡ ಅಂದ್ರಂತ, ಹುಡುಗಿ ಚುರುಕಿಲ್ಲೇನು, ಮಾತು ಲಗೂನ ಬಂದಿತ್ತಿಲ್ಲೋ ಅಂತ, ಅದೂ ಕೂಸು ಸೆರಗು ಹಿಡಕೊಂಡು ನಿಂತಾಗ. ನಾಕು ವರ್ಷದ್ದಕ್ಕ ತಿಳಿಯಂಗಿಲ್ಲ ಅಂತ ತಿಳಕೊಂಡಿರ್ತಾರ. ಒಂದಿನ ನಾ ಮಷಿನ್ ಮುಂದ ಕೂತಿದ್ದೆ, ಇಕಿ ಹಿಂದ ತನ್ನ ಗೊಂಬಿ ಎಲ್ಲಾ ಸಾಲಾಗಿ ಕೂಡಿಸಿ ಒಂದಕ್ಕ "ನೀ ಚಲೋ ಅದಿ, ಬಾ", ಇನ್ನೊಂದಕ್ಕ "ನಿನಗ ಸೀಟಿಲ್ಲ, ಹೋಗು" ಅಂತಿದ್ಲು. ಸೀಟಿಲ್ಲದ ಗೊಂಬಿ ಕಾಟಿನ ಕೆಳಗ ಹೋತು.

ಅವತ್ತ ಮನ್ಯಾಗ ರೂಲ್ ಮಾಡಿದ್ವಿ, ಕೂಸಿನ ಮುಂದ ಸೀಟು, ಇಂಟರ್ವ್ಯೂ, ಆ ಶಾಲಿ ಹೆಸರು ಯಾವುದೂ ಬರಬಾರ್ದು ಅಂತ. ಆಕಿಗೆ ಹೇಳಿದ್ದು ಇಷ್ಟ, "ಅಲ್ಲಿ ಜಾಗ ತುಂಬೈತಿ, ನಿನಗ ಬ್ಯಾರೆ ಶಾಲಿ ನೋಡಾಕತ್ತೀವಿ" ಅಂತ. ಇದು ಸುಳ್ಳೂ ಅಲ್ಲ. ನಳದ ಹತ್ರ ಯಾರಾದ್ರೂ ಕೇಳಿದ್ರೂ ಅದ ಉತ್ತರ, ಜಾಗ ತುಂಬೈತ್ರಿ. ಎರಡು ಸಲ ಅದನ್ನ ಹೇಳಿದ್ರ ಮೂರನೇ ಸಲ ಯಾರೂ ಕೇಳಂಗಿಲ್ಲ, ಮಾತಿಗೆ ರುಚಿ ಇರಂಗಿಲ್ಲಲ್ಲ ಅದಕ್ಕ.

ಜಾಗ ತುಂಬೈತಿ ಅನ್ನೋದು ಹೆಂಗ ಖರೇ ಅಂತ ಕೇಳ್ರಿ. ಇಂಥಾ ಶಾಲಿಗಳ್ನಾಗ ಎಲ್‌ಕೆಜಿಗಿಂತ ಮೊದ್ಲ ನರ್ಸರಿ ಪ್ಲೇಗ್ರೂಪ್ ಅಂತ ಇರ್ತಾವ, ಅಲ್ಲಿ ಇದ್ದ ಕೂಸುಗಳು ಸೀದಾ ಎಲ್‌ಕೆಜಿಗೆ ಬರ್ತಾವ. ಆಮ್ಯಾಲೆ ಅಣ್ಣನೋ ಅಕ್ಕನೋ ಅಲ್ಲೇ ಓದೋರು, ಆಮ್ಯಾಲೆ ಸ್ಟಾಫ್ ಮಕ್ಕಳು, ಆಮ್ಯಾಲೆ ಫೋನ್ ಮಾಡಿಸೋರು. ಹೊರಗಿಂದ ಬಂದವ್ರಿಗೆ ಉಳಿಯೋದು ಬೆರಳೆಣಿಕೆ ಸೀಟು, ಅದಕ್ಕ ರಾಶಿ ಫಾರ್ಮ್ ಮಾರಿರ್ತಾರ. ನಮ್ಮ ನೆಗೆಣ್ಣಿ ಮಗ ಅಲ್ಲೇ ಒಂದು ವರ್ಷ ನರ್ಸರಿ ಹೋಗಿದ್ದ, ಅವನಿಗೆ ಕಾರ್ಡು ತೋರಿಸಿ ಕೇಳೇ ಇಲ್ಲ. ಇದನ್ನ ತಿಳಕೊಂಡ ಮ್ಯಾಲೆ ನಮ್ಮ ಮನ್ಯಾರಿಗೂ ಕುದಿ ಸ್ವಲ್ಪ ಇಳೀತು. ಹಂಗಾಗಿ ಮುಂದಿನ ವರ್ಷ ಫಾರ್ಮ್ ತರೋರು ಒಂದ ಪ್ರಶ್ನೆ ಕೇಳ್ರಿ, ಹೊರಗಿನವ್ರಿಗೆ ಎಷ್ಟು ಸೀಟು ಉಳದಾವ ಅಂತ. ಹೇಳಲಿಲ್ಲಂದ್ರ 500 ರೂಪಾಯಿ ಉಳಸ್ರಿ.

ಕಾಯ್ದೆ ಏನಂತೈತಿ ಅಂತನೂ ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ ಆಗೈತಿ, ಅದ್ರ 13ನೇ ಸೆಕ್ಷನ್‌ನ್ಯಾಗ ಸೀಟಿಗೆ ಡೊನೇಷನ್ ತಗೊಳ್ಳಂಗಿಲ್ಲ, ಕೂಸಿಗಾಗ್ಲಿ ತಂದಿತಾಯಿಗಾಗ್ಲಿ ಪರೀಕ್ಷೆ ಇಟ್ಟು ಆರಿಸಂಗಿಲ್ಲ ಅಂತ ಸಾಪ್ ಐತಿ. ಹಂಗ ಆರಿಸಿದ್ರ ಮೊದ್ಲ ಸಲಕ್ಕ 25 ಸಾವಿರ ತನಕ, ಆಮ್ಯಾಲಿನ ಒಂದೊಂದು ಸಲಕ್ಕ 50 ಸಾವಿರ ತನಕ ದಂಡ, ಡೊನೇಷನ್ ತಗೊಂಡ್ರ ಅದ್ರ ಹತ್ತು ಪಟ್ಟು ತನಕ. ಓದಿ ಖುಷಿ ಆತು, ಮುಂದ ನೋಡಿದ್ರ ಆ ಕಾಯ್ದೆ ಲೆಕ್ಕ ಹಿಡಿಯೋದು 6ರಿಂದ 14 ವರ್ಷದ ಮಕ್ಕಳನ್ನ. ನಾಕು ವರ್ಷದವ್ರು ಇದ್ರಾಗ ಬರಂಗಿಲ್ಲ ಅಂತ ಶಾಲಿಯವ್ರು ಜಾರಿಕೊಳ್ಳಾಕ ಸಂದಿ ಅಲ್ಲೈತಿ. 3ರಿಂದ 8 ವರ್ಷದವ್ರಿಗೆ ಅಂತ 2022ರಾಗ ಕೇಂದ್ರದಿಂದ ಬಂದ ಪಠ್ಯಕ್ರಮ ಚೌಕಟ್ಟಿನ್ಯಾಗ ಈ ವಯಸ್ಸಿಗೆ ಪರೀಕ್ಷೆ ತಕ್ಕದ್ದಲ್ಲ ಅಂತ ಬರದಾರ, ಆದ್ರ ಚೌಕಟ್ಟು ದಂಡ ಹಾಕಂಗಿಲ್ಲಲ್ಲ. ಆರ್‌ಟಿಇ ಸೀಟು, ಅಂದ್ರ ಇದ ಕಾಯ್ದೆಯಾಗ ಬಡ ಮಕ್ಕಳಿಗೆ ಖಾಸಗಿ ಶಾಲ್ಯಾಗ ಇರೋ ಫ್ರೀ ಸೀಟು, ಸಿಗ್ತೈತೇನು ಅಂತ ಕೆಲವ್ರು ಕೇಳ್ತಾರ. ಸುತ್ತಮುತ್ತ ಸರ್ಕಾರಿ ಇಲ್ಲಾ ಅನುದಾನಿತ ಶಾಲಿ ಇದ್ರ ಖಾಸಗಿ ಶಾಲಿ 25 ಪರ್ಸೆಂಟ್ ಸೀಟು ಕೊಡಬೇಕಿಲ್ಲ ಅಂತ 2019ರಾಗ ನಮ್ಮ ರಾಜ್ಯದಾಗ ನಿಯಮ ತಿದ್ದಿದ್ರು, ಆವಾಗಿಂದ ಆ ದಾರಿ ಮುಚ್ಚಿದಂಗ. ಡೊನೇಷನ್ ಕೇಳಿದ್ದಕ್ಕ ಕೈಯಾಗ ಪುರಾವೆ ಇದ್ದವ್ರು ಡಿಡಿಪಿಐಗೆ (ಜಿಲ್ಲಾದ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೆ) ಬರದು ಕೊಡಬಹುದು, ಡಿಸಿ ಅಧ್ಯಕ್ಷತೆಯಾಗ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರ ಅಂತ ಐತಿ, ಅಲ್ಲೂ ಕೊಡಬಹುದು. ನಮ್ಮ ಹತ್ರ ಪುರಾವೆ ಇರ್ಲಿಲ್ಲ, ಬರೇ ಬಾಯಿಮಾತು.

ಆಮ್ಯಾಲೆ ಎರಡನೇ ನಂಬರ್ ಶಾಲಿ ಹುಡುಕಿದ್ವಿ. ಒಂದು ಕಾನ್ವೆಂಟು ಅಂತ ಬೋರ್ಡು, ಬಾಡಿಗಿ ಮನಿ ಮ್ಯಾಲಿನ ಮಾಳಿಗಿ, ಆಡಾಕ ಜಾಗ ಅಂದ್ರ ಪಾರ್ಕಿಂಗು, ನಾವು ಹೋದಾಗ ಮೂರು ವರ್ಷದ ಮಕ್ಕಳು ಪೆನ್ಸಿಲ್ ಹಿಡಕೊಂಡು ನಾಕು ಗೆರಿ ಕಾಪಿಯಾಗ ಸಣ್ಣ ಎ ಬರಿಯಾಕತ್ತಿದ್ವು, ಒಂದು ಅಳಾಕತ್ತಿತ್ತು, ಟೀಚರ್ ಫೋನಿನ್ಯಾಗ ಇದ್ಲು. ಇಳದು ಬಂದ್ವಿ. ಅಂಗನವಾಡಿಗೆ ಇಕಿ ಮೊದ್ಲ ಹೋಗ್ತಿದ್ಲು, ಅಲ್ಲಿನ ಅಕ್ಕ ಒಳ್ಳೇಕಿ, ಆದ್ರ ತೂಕ ಬರಿಯೋದು, ರೇಷನ್ ಲೆಕ್ಕ, ಮೊಬೈಲ್ ಆಪಿನ್ಯಾಗ ಫೋಟೋ ಹಾಕೋದು, ಇದ್ರಾಗ ಆಕಿಗೆ ಕಲಸಾಕ ಉಳಿಯೋ ಟೈಮ್ ಎಷ್ಟು ಹೇಳ್ರಿ.

ಆವಾಗ ಗೊತ್ತಾಗಿದ್ದು ನಮ್ಮ ವಾರ್ಡಿನ ಸರ್ಕಾರಿ ಶಾಲ್ಯಾಗ ಎಲ್‌ಕೆಜಿ ಐತಿ ಅಂತ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ದುಡ್ಡಿನ್ಯಾಗ 2024-25ರಿಂದ ನಮ್ಮ ಭಾಗದ ಸರ್ಕಾರಿ ಶಾಲಿಗಳ್ನಾಗ ಎಲ್‌ಕೆಜಿ ಯುಕೆಜಿ ತಗದಾರ, ಅಕ್ಷರ ಆವಿಷ್ಕಾರ ಅಂತ ಹೆಸರು. ಅಂಗನವಾಡಿ ಖಾಲಿ ಆಗ್ತಾವ ಅಂತ ಅಲ್ಲಿನ ಅಕ್ಕಂದಿರು ಆ ವರ್ಷ ಹೋರಾಟನೂ ಮಾಡಿದ್ರು, ಅವ್ರ ಸಂಕಟ ಅವ್ರಿಗೆ. ಅಕ್ಕಪಕ್ಕದ ಓಣಿಯವ್ರಿಗೂ ಈ ಕ್ಲಾಸು ಇರೋದು ಗೊತ್ತಿಲ್ಲ, ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಾರ, ಅದೂ ಬೇವಿನ ಗಿಡದ ಹಿಂದ.

ಈಗ ರಿವ್ಯೂಗೆ ಬರ್ತೀನಿ. ಮೊದ್ಲ ಅಕ್ಕೋರು. ಭಾಗ್ಯನಗರದಿಂದ ಸ್ಕೂಟಿ ಮ್ಯಾಲೆ ಬರ್ತಾರ, ಅತಿಥಿ ಶಿಕ್ಷಕಿ, ಪರ್ಮನೆಂಟ್ ಅಲ್ಲ. ನಾವು ಅಡ್ಮಿಷನ್ನಿಗೆ ಹೋದಾಗ ಅವ್ರು ನೆಲದ ಮ್ಯಾಲೆ ಕೂತಿದ್ರು, ಮಕ್ಕಳ ನಡುವ. ನಮ್ಮಾಕಿ ಬಾಗಿಲ ಹತ್ರ ನನ್ನ ಸೀರಿ ಹಿಂದ ಅಡಗಿಕೊಂಡ್ಲು. ಅಕ್ಕೋರು ಆಕಿನ್ನ ಕರೀಲಿಲ್ಲ, ಹೆಸರೂ ಕೇಳಲಿಲ್ಲ, ಒಂದು ಬುಟ್ಟಿ ಮಣಿ ಬಾಗಿಲ ಹತ್ರ ಸರಿಸಿ ತಮ್ಮ ಕೆಲಸ ನೋಡಿಕೊಂಡ್ರು. ಸ್ವಲ್ಪ ಹೊತ್ತಿಗೆ ಇಕಿ ಕೂತು ಮಣಿ ಪೋಣಸಾಕ ಹತ್ತಿದ್ಲು, ಆಮ್ಯಾಲೆ ಬುಟ್ಟಿ ಎಳಕೊಂಡು ಒಳಗ ಹೋದ್ಲು. ಇಷ್ಟ ಆಕಿ ಅಡ್ಮಿಷನ್ ಟೆಸ್ಟ್. ಮೊದ್ಲಿಗೆ ಅಳ್ತಾವ ಅಂತ ತಾಯಂದಿರಿಗೆ ಪಡಸಾಲ್ಯಾಗ ಕೂಡಾಕ ಬಿಟ್ರು, ಕೂಸು ಆಗಾಗ ಬಂದು ನೋಡಿ ಹೋಗೂದು. ಆ ಖಾಸಗಿ ಶಾಲ್ಯಾಗ ಗೇಟಿನ ಒಳಗ ಬಿಡಂಗಿಲ್ಲ, ನಮ್ಮ ನೆಗೆಣ್ಣಿ ಗೇಟಿನ ಸರಳು ಹಿಡಕೊಂಡು ಮಗ ಅಳೋದು ಕೇಳಿ ತಾನೂ ಅತ್ತು ಬರ್ತಿದ್ಲು. ಅಕ್ಕೋರಿಗೆ ಮಾತ್ರ ಐದಕ್ಕ ಐದು. ಅವ್ರ ಸಂಬಳ ತಿಂಗಳಾ ತಿಂಗಳಾ ಬರಂಗಿಲ್ಲ ಅಂತ ಕೇಳೀನಿ, ಮುಂದಿನ ವರ್ಷ ಇವ್ರ ಇರ್ತಾರೋ ಇಲ್ಲೋ ಅನ್ನೋದೂ ಗ್ಯಾರಂಟಿ ಇಲ್ಲ, ಅದು ನನ್ನ ದೊಡ್ಡ ಭಯ.

ಕಲಿಕಿ. ವರ್ಷದ ಮೊದಲರ್ಧ ಪೆನ್ಸಿಲ್ ಕೊಡಲೇ ಇಲ್ಲ. ಮಣಿ ಪೋಣಸೋದು, ಮಣ್ಣು ನಾದೋದು, ಸಜ್ಜಿ ಕಾಳು ತಾಟಿನ್ಯಾಗ ಹರವಿ ಬೆರಳಿಲೆ ಗೆರಿ ಎಳಿಯೋದು, ಪಾಟಿ ಮ್ಯಾಲೆ ಬಳಪ. ನಮ್ಮ ಮನ್ಯಾರು ಇದೇನು ಓದೇ ಇಲ್ಲ ಅಂದ್ರು, ಅಕ್ಕೋರನ್ನ ಕೇಳಿದ್ರ "ಅಣ್ಣಾರ, ಈ ವಯಸ್ಸಿಗೆ ಬೆರಳಿನ್ಯಾಗ ಇನ್ನೂ ಬಲ ಬಂದಿರಂಗಿಲ್ಲ, ಮೊದ್ಲ ಬೆರಳು ಗಟ್ಟಿ ಆಗ್ಲಿ, ಅಕ್ಷರ ಎಲ್ಲಿಗೂ ಓಡಿ ಹೋಗಂಗಿಲ್ಲ" ಅಂದ್ರು. ಟೇಲರ್ ಆಗಿ ನನಗ ಆ ಮಾತು ತಿಳೀತು, ಕತ್ತರಿ ಹಿಡಿಯಾಕ ಬರೋದಕ್ಕಿಂತ ಮೊದ್ಲ ಬಟ್ಟಿ ಕತ್ತರಸಾಕ ಕೊಟ್ರ ಏನಾಗ್ತೈತಿ ಅಂತ. ಮನ್ಯಾಗ ಇನ್ನೊಂದು ರೂಮಿನ್ಯಾಗ ನೆಗೆಣ್ಣಿ ಮಗ ದಿನಾ ಸಂಜಿ ಕ್ಯಾಪಿಟಲ್ ಎ ಟು ಝಡ್ ಎರಡು ಪುಟ, ಒನ್ ಟು ಫಿಫ್ಟಿ ಒಂದು ಪುಟ, ಕಣ್ಣಾಗ ನೀರು. ಆದ್ರ ಸತ್ಯ ಹೇಳ್ಬೇಕು, ಅವನು ಇಂಗ್ಲಿಷ್ ರೈಮ್ಸು ಪಟಪಟ ಹೇಳ್ತಾನ, ಮೇ ಐ ಗೋ ಟು ಟಾಯ್ಲೆಟ್ ಅಂತಾನ, ಇಕಿಗೆ ಅದು ಬರಂಗಿಲ್ಲ. ನಮ್ಮ ಶಾಲಿಯ ಇಂಗ್ಲಿಷು "ಕಮ್ ಕಮ್, ಒಳಗ ಬಾ, ಸಿಟ್ ಡೌನ್ ಮಾಡು" ಲೆವೆಲ್ಲು. ನಮ್ಮಂಥಾ ಮನ್ಯಾಗ ಇಂಗ್ಲಿಷ್ ಕಿವಿಗೆ ಬೀಳೋದು ಶಾಲ್ಯಾಗ ಮಾತ್ರ, ಅಲ್ಲೂ ಕಡಿಮಿ ಆದ್ರ ಮುಂದ ತ್ರಾಸ ಅಕ್ಕೈತಿ. ಇದಕ್ಕ ಅರ್ಧ ಸ್ಟಾರ್ ಕಟ್.

ಆದ್ರ ಭಾಷೆ ವಿಷಯದಾಗ ಒಂದು ಚಲೋ ಐತಿ. ಕ್ಲಾಸಿನ್ಯಾಗ ಉರ್ದು ಮಾತಾಡೋವು, ತೆಲುಗು ಮನಿವು, ತಾಂಡಾದಿಂದ ಬಂದ ಲಂಬಾಣಿ ಹುಡುಗ ಒಬ್ಬ ಎಲ್ಲಾ ಅದಾವ. ಅಕ್ಕೋರು ಒಂದು ಚಿತ್ರ ತೋರಿಸಿ ನಿಮ್ಮ ಮನ್ಯಾಗ ಇದಕ್ಕ ಏನಂತೀರಿ ಅಂತ ಒಬ್ಬೊಬ್ರನ್ನ ಕೇಳ್ತಾರ, ಎಲ್ಲಾ ಉತ್ತರಕ್ಕೂ ಚಪ್ಪಾಳಿ, ಕೊನೀಗೆ ಇಂಗ್ಲಿಷ್‌ನ್ಯಾಗ ತಾವು ಹೇಳ್ತಾರ. ಇಕಿ ಈಗ ಮನಿಗೆ ಬಂದು ಅತ್ತಿಯಾರಿಗೆ ನೀರಿಗೆ ಪಾನಿ ಅಂತಾರ, ವಾಟರ್ ಅಂತಾರ, ನೀಳ್ಳು ಅಂತಾರ ಅಂತ ಪಾಠ ಮಾಡ್ತಾಳ.

ರೂಮು ಹಳೇದು, ಗ್ವಾಡಿ ಮ್ಯಾಲೆ ರೈಲಿನ ಚಿತ್ರ ಬರಸ್ಯಾರ, ಕಿಟಕಿ ದೊಡ್ಡದು, ಗಾಳಿ ಬರ್ತೈತಿ, ಏಪ್ರಿಲ್ ಬಿಸಲಾಗ ಮಾತ್ರ ಒಂದು ಫ್ಯಾನ್ ಸಾಲಂಗಿಲ್ಲ. ಆಟದ ಸಾಮಾನು ಸಾಕಷ್ಟು ಅದಾವ. ನಗು ಬರೋ ವಿಷಯ ಏನಂದ್ರ, ಹತ್ತಿರದ ಕಿನ್ನಾಳದ ಕಟ್ಟಿಗಿ ಗೊಂಬಿ, ಆನಿ, ಗಿಳಿ, ಇವೂ ಶಾಲ್ಯಾಗ ಅದಾವ, ಯಾರೋ ದಾನ ಕೊಟ್ಟಾರ, ಅವು ಹೆಡ್‌ಮಾಸ್ತರ್ ರೂಮಿನ ಗಾಜಿನ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಾವ. ಬಣ್ಣ ಹೋಗ್ತಾವ್ರಿ ಅಂತಾರ ಸರ. ಆಡೋ ಗೊಂಬಿ ನೋಡಾಕ, ನೋಡೋ ಕೂಸು ನೆಲದ ಮ್ಯಾಲೆ.

ಊಟ ಶಾಲ್ಯಾಗ ಆಗ್ತೈತಿ. ಬಿಸಿಯೂಟ ಕರ್ನಾಟಕದಾಗ 2002ರಾಗ ಮೊದ್ಲ ಸುರು ಆಗಿದ್ದ ನಮ್ಮ ಕಡೆ ಜಿಲ್ಲಾಗಳ್ನಾಗ, ಕೊಪ್ಪಳನೂ ಅದ್ರಾಗ ಒಂದು, ಹಂಗಾಗಿ ಅಡಗಿ ಅಕ್ಕಂದಿರಿಗೆ ಕೈ ಕುದುರೈತಿ. ಅನ್ನ ಸಾಂಬಾರು ಬಿಸಿ ಇರ್ತೈತಿ, ಸಾಂಬಾರು ಸಣ್ಣ ಮಕ್ಕಳಿಗೆ ಸ್ವಲ್ಪ ಖಾರ. ಮನ್ಯಾಗ ತುತ್ತು ಇಟ್ಟು ಇಟ್ಟು ಸಾಕಾಗೋ ಇಕಿ ಅಲ್ಲಿ ಸಾಲಿನ್ಯಾಗ ಕೂತು ತಾನ ಉಣ್ತಾಳ, ಇದೊಂದು ಮಾಯ ನನಗ ಈಗೂ ತಿಳಿದಿಲ್ಲ.

ಈಗ ಬಾತ್‌ರೂಮು. ಒಂದು ಸ್ಟಾರ್ ಪೂರಾ ಇದಕ್ಕ ಕಟ್. ದೊಡ್ಡ ಹುಡುಗ್ಯಾರ ಬಾತ್‌ರೂಮಿಗೆ ಈ ಸಣ್ಣವೂ ಹೋಗಬೇಕು, ಕಾಲಿಡಾಕ ಎಟಗಂಗಿಲ್ಲ, ನಳ ಎತ್ತರದಾಗ, ಬಕೀಟಿನ್ಯಾಗ ನೀರಿದ್ರ ಐತಿ ಇಲ್ಲಂದ್ರ ಇಲ್ಲ. ಆಯಾ ಒಬ್ಬಾಕಿ, ಮಧ್ಯಾಹ್ನ ಆದ್ಮ್ಯಾಲೆ ಇರಂಗಿಲ್ಲ. ಮಕ್ಕಳು ತಡಕೊಂಡು ಕೂಡ್ತಾವ, ಮನಿಗೆ ಬಂದ ಕೂಡ್ಲೆ ಓಡ್ತಾವ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಮೀಟಿಂಗಿನ್ಯಾಗ ನಾವು ಕೆಲವು ತಾಯಂದಿರು ಹೋಗಿ ಕುಂತು ಕೇಳಿದ್ವಿ, ಎಸ್ಟಿಮೇಟ್ ಕಳಸೀವಿ ಅಂದ್ರು. ಎಸ್ಟಿಮೇಟ್ ಬರೋ ತನಕ ಅಂತ ನಾವ ಸೇರಿ ಪ್ಲಾಸ್ಟಿಕ್ ಸ್ಟೂಲು, ಸಣ್ಣ ಮಗ್ಗು, ಮುಚ್ಚಳ ಇರೋ ಬಕೀಟು ತಂದು ಇಟ್ವಿ, ಸ್ವಲ್ಪ ಪರ್ವಾಗಿಲ್ಲ ಈಗ. ನೀವು ಯಾವ ಶಾಲಿ ನೋಡಾಕ ಹೋದ್ರೂ, ಸರ್ಕಾರಿ ಇರ್ಲಿ ಲಕ್ಷ ಫೀಸಿನ ಶಾಲಿ ಇರ್ಲಿ, ಕ್ಲಾಸ್‌ರೂಮಿಗಿಂತ ಮೊದ್ಲ ಬಾತ್‌ರೂಮ್ ತೋರಸ್ರಿ ಅನ್ರಿ. ಅವ್ರು ತೋರಿಸಾಕ ಎಷ್ಟು ಹೊತ್ತು ಮಾಡ್ತಾರ ಅನ್ನೋದ್ರಾಗ ಅರ್ಧ ಗೊತ್ತಾಗ್ತೈತಿ. ಅದ್ರ ಜೋಡಿ ಸಂಜಿ ಬಿಡೋ ಟೈಮಿಗೆ ಗೇಟಿನ ಹತ್ರ ನಿಂತು ನೋಡ್ರಿ, ಮಕ್ಕಳನ್ನ ಯಾರ ಕೈಯಾಗ ಕೊಡ್ತಾರ ಅಂತ. ನಮ್ಮಲ್ಲಿ ವಾಚ್‌ಮನ್ ಇಲ್ಲ, ಆದ್ರ ಅಕ್ಕೋರು ಒಬ್ಬೊಬ್ರ ತಾಯಿ ಮುಖ ನೋಡಿ ಕೈ ಬಿಡ್ತಾರ, ನಮ್ಮ ಮೈದುನ ಒಂದಿನ ಕರಿಯಾಕ ಹೋದ್ರ ನನಗ ಫೋನ್ ಹಚ್ಚಿ ಕೇಳಿದ ಮ್ಯಾಲೆ ಕಳಿಸಿದ್ರು. ಮೈದುನಗ ಸಿಟ್ಟು ಬಂತು, ನನಗ ನಿದ್ದಿ ಬಂತು.

ದುಡ್ಡಿನ ಲೆಕ್ಕ ಸಣ್ಣದು. ಇಲ್ಲಿ ಫೀ ಇಲ್ಲ. ನೆಗೆಣ್ಣಿ ಮಗನಿಗೆ ವರ್ಷಕ್ಕ 35 ಸಾವಿರ, ಬುಕ್ಕು, ಎರಡು ನಮೂನಿ ಬೂಟು, ವ್ಯಾನು ಎಲ್ಲಾ ಬ್ಯಾರೆ. ಉಳಿದ ದುಡ್ಡು ಕೂಸಿನ ಹೆಸರಿಲೆ ಪೋಸ್ಟಾಫೀಸಿನ್ಯಾಗ ಹಾಕ್ತೀನಿ ಅಂತ ನಮ್ಮ ಮನ್ಯಾರು ಹೇಳ್ಯಾರ, ಹಾಕಿದ ಪಾಸ್‌ಬುಕ್ ನಾ ಇನ್ನೂ ನೋಡಿಲ್ಲ.

ಸೀಟು ಸಿಗದಿದ್ದು ಕೂಸಿಗೆ ಚುಚ್ಚಿದ್ದು ಅಂದ್ರ ಟೈ ವಿಷಯದಾಗ. ಅಣ್ಣ ಟೈ ಕಟ್ಟಿಕೊಂಡು ಹಳದಿ ವ್ಯಾನ್ ಹತ್ತಾನ, ತನಗ ಟೈ ಇಲ್ಲ, ವ್ಯಾನ್ ಇಲ್ಲ. ದಿನಾ ಮುಂಜಾನಿ ಅದ ಗಲಾಟಿ. ಅವರಪ್ಪ ಜವಾಹರ ರೋಡಿನ ಅಂಗಡಿಯಿಂದ ಎಲಾಸ್ಟಿಕ್ ಟೈ ಒಂದು ತಂದು ಕೊಟ್ರು, ಫ್ರಾಕಿನ ಮ್ಯಾಲೆ ಕಟ್ಟಿಕೊಂಡು ಸರ್ಕಾರಿ ಶಾಲಿಗೆ ಹೋದ್ಲು. ಅಕ್ಕೋರು ಬೈಲಿಲ್ಲ. ಮರುದಿನ ಇನ್ನೊಂದು ಹುಡುಗ ಅವರಪ್ಪನ ಮದುವಿ ಟೈ ಕಟ್ಟಿಕೊಂಡು ಬಂತಂತ, ಮೊಣಕಾಲ ತನಕ. ವಾರದಾಗ ಟೈ ಹುಚ್ಚು ಇಳೀತು, ಈಗ ಅದು ಗೊಂಬಿ ಕೊಳ್ಳಾಗ ಐತಿ. ನೆಗೆಣ್ಣಿ ಮತ್ತ ನಾನು ಈಗ ಮಾತಾಡ್ತೀವಿ, ಆಕಿ ಮಗನ ರೈಮ್ಸ್ ಬುಕ್ ಇಕಿಗೆ ಓದಿ ಹೇಳ್ತಾಳ, ನಾನು ಅವನಿಗೆ ಸಂಜಿ ಸಜ್ಜಿ ತಾಟು ಹಾಕಿ ಕೊಡ್ತೀನಿ, ಅವನ ಅಕ್ಷರ ಮೊದ್ಲಿಗಿಂತ ನೆಟ್ಟಗಾಗ್ಯಾವ ಅಂತ ಆಕಿನ ಹೇಳಿದ್ಲು.

ಯಾರಿಗೆ ಈ ಶಾಲಿ ಬ್ಯಾಡ ಅಂತನೂ ಹೇಳ್ಬೇಕು. ಗಂಡ ಹೆಂಡ್ತಿ ಇಬ್ರೂ ಹೊರಗ ದುಡಿಯೋರು, ಮನ್ಯಾಗ ಹಿರಿಯರಿಲ್ಲ ಅಂದ್ರ ಕಷ್ಟ, ಬಿಟ್ಟ ಮ್ಯಾಲೆ ನೋಡಿಕೊಳ್ಳೋ ವ್ಯವಸ್ಥೆ ಇಲ್ಲ. ಮುಂದ ಸಿಬಿಎಸ್ಇಗೆ ಹಾಕಾವ್ರಿದ್ರ ಮನ್ಯಾಗ ಇಂಗ್ಲಿಷ್ ಕಡೆ ನೀವ ಕೈ ಹಾಕಬೇಕು. ಅಂದಂಗ ಊರಾಗ ಸಿಬಿಎಸ್ಇ ಅಂತ ಬೋರ್ಡ್ ಹಾಕಿದ್ದೆಲ್ಲಾ ಸಿಬಿಎಸ್ಇ ಅಂತ ನಂಬಬ್ಯಾಡ್ರಿ, ಮಾನ್ಯತೆ ಇರೋ ಶಾಲಿಗಳ ಪಟ್ಟಿ ಸಿಬಿಎಸ್ಇಯ ಸಾರಸ್ ವೆಬ್‌ಸೈಟಿನ್ಯಾಗ ಯಾರು ಬೇಕಾದ್ರೂ ನೋಡಬಹುದು. ನಾವು ಒಂದನೇತ್ತಕ್ಕ ಎಲ್ಲಿ ಹಾಕೋದು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಇಲ್ಲೇ ಮುಂದುವರಿದ್ರ ನಲಿಕಲಿ, ಅದೂ ಆಟದ ಪದ್ಧತಿನ. ಅಕ್ಕೋರು ಉಳದ್ರ ಯುಕೆಜಿ ಗ್ಯಾರಂಟಿ ಇಲ್ಲೇ, ಅವ್ರು ಹೋದ್ರ ಮತ್ತ ಫಾರ್ಮ್ ತರೋದು ಬಂತು, ಆವಾಗ ಕೌಂಟರಿನ್ಯಾಗ ಟೇಲರಿಂಗ್ ಅಂತನ ಬರಿತೀನಿ.

ಮುಂದಿನ ಜೂನಿಗೆ ಹಾಕಾವ್ರು ವಯಸ್ಸು ನೋಡಿಕೊಳ್ರಿ. ಒಂದನೇತ್ತಕ್ಕ ಜೂನ್ 1ಕ್ಕ 6 ವರ್ಷ ತುಂಬಿರಬೇಕು ಅಂತ 2022ರಾಗ ಸರ್ಕಾರ ಆದೇಶ ಮಾಡೈತಿ, 2025-26ಕ್ಕ ಒಂದು ವರ್ಷಕ್ಕ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದ್ರು. ಹಂಗಾಗಿ ಎಲ್‌ಕೆಜಿಗೆ ಬರೋಬ್ಬರಿ ನಾಕು ತುಂಬಿರಬೇಕು, ಗಡಬಿಡಿ ಮಾಡಿ ಮೂರೂವರಿಗೆ ಹಾಕಿದ್ರ ಯುಕೆಜಿ ಮುಗದ ಮ್ಯಾಲೆ ಒಂದು ವರ್ಷ ಸುಮ್ನ ಕೂಡಬೇಕಾಗ್ತೈತಿ, ಖಾಸಗಿಯವ್ರು ಫಾರ್ಮ್ ಮಾರೋವಾಗ ಇದನ್ನ ಹೇಳಂಗಿಲ್ಲ. ಬರ್ತ್ ಸರ್ಟಿಫಿಕೇಟ್, ಕೂಸಿನ ಮತ್ತ ತಂದಿತಾಯಿ ಆಧಾರ್, ರೇಷನ್ ಕಾರ್ಡ್, ಫೋಟೋ ತಗೊಂಡು ಹೋಗ್ರಿ, ಜಾತಿ ಆದಾಯ ಪ್ರಮಾಣಪತ್ರ ಇದ್ರ ಅದೂ ಇರ್ಲಿ. ಮುಂಜಾನಿ ಪ್ರಾರ್ಥನೆ ಟೈಮಿಗೆ ಹೋಗಬ್ಯಾಡ್ರಿ, ಸರ ಸಿಗಂಗಿಲ್ಲ, ಊಟದ ಬಿಡುವಿನ ಮ್ಯಾಲೆ ಹೋಗ್ರಿ, ಕೂಸಿನ್ನೂ ಕರಕೊಂಡು ಹೋಗ್ರಿ, ಮಣಿ ಬುಟ್ಟಿ ಅಲ್ಲೇ ಇರ್ತೈತಿ.